ಹಾವಿನ ಡಬ್ಬಿ ಖಾಲಿ ಮಾಡಿದ್ದೀನಿ

ರೀ,

ಡ್ಯೂಟಿಗೆ ಹೊರಟೆ. ಶೆಡ್ ಕ್ಲೀನ್ ಮಾಡುವಾಗ ಹಾವು ಕಚ್ಚಿದ್ರೆ ಬೇಕಾಗುತ್ತೆ ಅಂತ ನೀವು ರೆಡಿ ಮಾಡಿಟ್ಟಿದ್ದ ಡಬ್ಬಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಬ್ಲೇಡು ಕನ್ನಡಿ ಹತ್ತಿರ ಇದೆ, ಗಡ್ಡ ಬೋಳಿಸ್ಕೊಳ್ಳಿ. ಹಗ್ಗದ ಮೇಲೆ ಬಟ್ಟೆ ಒಣಗ್ತಿದೆ. ಡಬ್ಬೀಲಿ ಈಗ ಬಿಸ್ಕತ್ತಿದೆ.

ಗಾಯ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ಬಾಯಲ್ಲಿ ವಿಷ ಹೀರೋದು, ಯಾವುದೂ ಬೇಡ. ಹದಿನೆಂಟು ವರ್ಷದಿಂದ ನರ್ಸ್ ಆಗಿರೋಳ ಮಾತು ಒಂದ್ಸಲನಾದ್ರೂ ಕೇಳಿ.

ಬೂಟು ಹಾಕ್ಕೊಳ್ಳಿ. ಕೋಲಲ್ಲಿ ತಟ್ಟಿ ನೋಡಿ ಆಮೇಲೆ ಕೈ ಹಾಕಿ. ಅಕಸ್ಮಾತ್ ಕಚ್ಚಿದ್ರೆ ಹಾವಿನ ಹಿಂದೆ ಓಡಬೇಡಿ; ಕೈ ಅಲ್ಲಾಡಿಸದೆ ಕೂತು ಆಂಬುಲೆನ್ಸ್ ಕರೀರಿ. ವಿಷಕ್ಕೆ ಮದ್ದು ಇರೋದು ಆಸ್ಪತ್ರೇಲಿ.

ಬೆರಳು ಊದೋಕೆ ಮುಂಚೆ ಉಂಗುರ ತೆಗೀರಿ. ಮದುವೆ ಉಂಗುರ ಬಿಚ್ಚಿದ್ದಕ್ಕೆ ಆ ಒಂದು ದಿನ ಮಾತ್ರ ನಾನೇನೂ ಅನ್ನಲ್ಲ.