ಮೀಟರಿನ ಮೇಲಿನ ದೃಷ್ಟಿಬೊಟ್ಟು

ರೀ,

ಮಾರುವ ಮೊದಲು ಒಮ್ಮೆ ತೋರಿಸೋಣವೆಂದು ಕಾರನ್ನು ಇವತ್ತು ಅರಸೀಕೆರೆಯ ಭೀಮರಾಜನ ಗ್ಯಾರೇಜಿಗೆ ತರಿಸಿದ್ದೆ. ಗಾಡಿ ಸ್ಟಾರ್ಟ್ ಮಾಡಿದವನು ಮೀಟರಿನ ಗಾಜಿನ ಮೇಲಿನ ಕಪ್ಪು ಬೊಟ್ಟನ್ನು ನೋಡಿ, “ಇದ್ಯಾಕಕ್ಕ ಇಲ್ಲಿ ಅಂಟ್ಸಿದ್ದೀರಾ?” ಎಂದ.

“ದೃಷ್ಟಿಬೊಟ್ಟು ಕಣಪ್ಪ. ನಮ್ಮ ಯಜಮಾನ್ರು ಅಂಟ್ಸಿದ್ದು.”

ದೇವರಿಗೂ ಕೈಮುಗಿಯದ ನೀವು ನನ್ನ ಹಣೆಯ ಸ್ಟಿಕ್ಕರ್ ಪ್ಯಾಕೆಟ್ಟಿನಿಂದ ಅದನ್ನು ಕಿತ್ತು ಅಂಟಿಸಿದ ದಿನ ನಾನೆಷ್ಟು ಹಿಗ್ಗಿದ್ದೆ!

ಭೀಮರಾಜ ಉಗುರಿನಿಂದ ಎಬ್ಬಿಸಿದ. ಅದರಡಿ ಇಂಜಿನ್ ಕೆಟ್ಟರೆ ಹೊತ್ತುವ ಹಳದಿ ಎಚ್ಚರಿಕೆ ದೀಪ ಉರಿಯುತ್ತಿತ್ತು.

“ಇದು ಬಾಳ ದಿನದಿಂದ ಉರೀತೈತೆ ಕಣಕ್ಕ. ನೀವು ಹೆದರ್ಕೊಂಡೀರಿ ಅಂತ ಅಣ್ಣ ಮುಚ್ಚವ್ರೇನೋ.”

ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಿದ. ಯಾವುದೋ ಸೆನ್ಸರ್ ಹೋಗಿತ್ತಂತೆ. ಬೇರೆಯದು ಹಾಕಿ ಕೋಡ್ ಅಳಿಸಿದ, ದೀಪ ಆರಿತು. ಅಷ್ಟೇ ಕೆಲಸ. ಯಾರಾದರೂ ನೋಡಿದ್ದರೆ ಸಾಕಿತ್ತು.

ಆವತ್ತು ಎದೆ ಹಿಡಿದುಕೊಂಡು ಕೂತಾಗಲೂ ನೀವು ನಗುತ್ತಲೇ, “ಗ್ಯಾಸು ಕಣೇ, ಒಂದು ಸೋಡಾ ತಗೊಂಬಾ” ಅಂದಿರಿ. ನಾನು ಸೋಡಾ ತರಲು ಹೋದೆ.

ಬೊಟ್ಟನ್ನು ನನಗೆ ಕೊಡಲು ಬಂದ ಭೀಮರಾಜ ನನ್ನ ಬರಿಹಣೆ ನೋಡಿ ಕೈ ಹಿಂದಕ್ಕೆ ತೆಗೆದ. ನಾನೇ ಕೇಳಿ ತೆಗೆದುಕೊಂಡೆ.

ಅಂಟು ಇನ್ನೂ ಹೋಗಿಲ್ಲ, ರೀ.