ಪುಕ್ಕಟೆ ಸಾಲಕ್ಕೆ ಹಾಲು ಉಕ್ಕಲಿಲ್ಲ

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು

ಸುವರ್ಣಾ ಹಂಚಿನಮನಿ ಅವರಿಗೆ, ಅವರ ಮರಿಮೊಮ್ಮಗಳ ಮೊಮ್ಮಗಳು ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಮೂವತ್ತು ದಿನ ಮಾಡಿದ್ದು ನಮ್ಮ ಕಾಲದ ಸಾಲದ ಕಂಪನಿಗಳು. ಬಡ ತಿಂಗಳಿಗೆ ನಮ್ಮ ಉಚಿತ ಕೊಡುಗೆ ಎಂದು ಜಾಹೀರಾತು ಕೊಟ್ಟರು, ಜನ ಚಪ್ಪಾಳೆ ತಟ್ಟಿದರು. ಆ ದಿನಕ್ಕೂ ಬಡ್ಡಿಯಿದೆ ಎಂದು ತಿಳಿದದ್ದು ಮಾರ್ಚಿನಲ್ಲಿ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ನಲವತ್ತು ದಾಟಿದವಳು, ನೀವಿನ್ನೂ ಮೂವತ್ತರ ಆಸುಪಾಸಿನವರು. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ನಿಮ್ಮನ್ನು ಬೈಯುವ ಹಕ್ಕು ನನಗಿದೆ. ಸಂಬಂಧದಲ್ಲಿ ಕಿರಿಯಳಾದ್ದರಿಂದ ಬಹುವಚನದಲ್ಲೇ ಬೈಯುತ್ತೇನೆ.

ನಿಮ್ಮ ಮನೆಗೆ ಒಬ್ಬ ಬಂದು ಹೋಗಿದ್ದಾನೆ. ನಿಮ್ಮ ಮನೆಸಾಲವನ್ನು ತನ್ನ ಕಂಪನಿಗೆ ಬದಲಿಸಿಕೊಂಡರೆ ಕಂತು ಇಳಿಯುತ್ತದೆ, ಬದಲಿಸುವ ಖರ್ಚು ಸೊನ್ನೆ ಎಂದಿದ್ದಾನೆ. ಸೋಮವಾರ ಬಾ, ಸಹಿ ಹಾಕುತ್ತೇನೆ ಎಂದು ನೀವು ಹೇಳಿ ಕಳಿಸಿದ್ದೀರಿ. ನೀವು ಹಾಗೆ ಹೇಳಿದ ಮನೆಯಲ್ಲೇ, ಮೂರನೇ ಮಹಡಿಯ ಆ ಎರಡು ಕೋಣೆಗಳಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಗೋಡೆಗಳನ್ನು ಎರಡು ಸಲ ಕೆಡವಿ ಕಟ್ಟಿದ್ದಾಗಿದೆ. ಮಾಳಿಗೆಯ ಮೇಲೆ ಮಂಜುಬಲೆ ಹರಡಿದ್ದೇವೆ, ಕುಡಿಯುವ ನೀರು ಅದರಿಂದಲೇ ತೊಟ್ಟಿಕ್ಕಬೇಕು. ಹಾಲೆಂದರೆ ನಮಗೆ ಜೋಳದಿಂದ ಹಿಂಡಿದ ಹಾಲು. ಮಂಡಕ್ಕಿಯ ಗಿರ್ಮಿಟ್ ಮಾತ್ರ ನಿಮ್ಮ ಕಾಲದ್ದೇ, ಅದರ ತಂಟೆಗೆ ಇನ್ನೂ ಯಾರೂ ಹೋಗಿಲ್ಲ. ನಿಮ್ಮ ಸಾಲವೂ ಹಾಗೆಯೇ ಉಳಿದಿದೆ.

ಹೇಗೆ ಉಳಿಯಿತು ಎಂದು ಕೇಳಬೇಡಿ, ಪುಕ್ಕಟೆಯಾಗಿ ಉಳಿಯಿತು. ಸಾಲ ಮುಗಿಯಲು ಬಂದಾಗಲೆಲ್ಲ ಯಾವುದೋ ಕಂಪನಿಯ ಸಾಲಪಾಲಕ ನಗುತ್ತಾ ಬರುತ್ತಾನೆ. ಸಾಲಪಾಲಕ ಅಂದರೆ ಮನೆಮನೆಗೆ ಬಂದು ಸಾಲ ಬದಲಿಸಿಕೊಡುವವನು. ಜೊತೆಗೆ ಒಂದು ತಂಬಿಗೆ ನಿಜವಾದ ಹಸುವಿನ ಹಾಲು ತರುತ್ತಾನೆ, ಗೃಹಪ್ರವೇಶದಂತೆ ಅದನ್ನು ಒಲೆಗಿಟ್ಟು ಉಕ್ಕಿಸಬೇಕು. ಹಾಲು ಉಕ್ಕಿತೆಂದರೆ ಒಪ್ಪಿಗೆಯಾಯಿತು, ನಮ್ಮ ಕಾಯಿದೆಯಲ್ಲಿ ಬೇರೆ ಸಹಿ ಬೇಡ. ಮನೆಯ ಮಕ್ಕಳಿಗೆ ಹದಿನೆಂಟು ತುಂಬುತ್ತಿದ್ದರೆ ಅಂದೇ ಹೆಗಲುಶಾಸ್ತ್ರವನ್ನೂ ಮುಗಿಸುತ್ತಾರೆ. ಮಗುವಿನ ಹೆಗಲಿಗೆ ಹಸಿರು ಶಲ್ಯ ಹೊದಿಸಿ, ಅದರ ಹೆಸರನ್ನು ಸಾಲಕ್ಕೆ ಸೇರಿಸುವ ಶಾಸ್ತ್ರ ಅದು. ನನಗೆ ಹೊದಿಸಿದಾಗ ಹೋಳಿಗೆ ಮಾಡಿದ್ದರು. ಎಷ್ಟು ಖುಷಿಯಿಂದ ತಿಂದೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ನನ್ನ ಅವ್ವನ ಕಾಲದಲ್ಲಿ ಬದಲಿಸಿದ ಸಾಲ ಇನ್ನು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ನನ್ನ ಮಗಳು ಹಂಪವ್ವನಿಗೆ ಬರುವ ತಿಂಗಳು ಹದಿನೆಂಟು. ಸರಿಯಾಗಿ ಈಗಲೇ, ನಿನ್ನೆ, ಕುಬಸದ ಎಂಬ ಸಾಲಪಾಲಕ ಹಾಲು, ಶಲ್ಯ ಎರಡನ್ನೂ ಹಿಡಿದು ಬಂದ. "ಅಕ್ಕಾರ, ಒಂದ್ ಪೈಸಾ ಖರ್ಚಿಲ್ರೀ. ವಕೀಲಂದು, ಕಾಗದದ್ದು ಎಲ್ಲಾ ನಮ್ದ. ನೀವು ಬರೇ ಹಾಲು ಉಕ್ಕಿಸ್ರಿ," ಎಂದ. ಒಲೆ ಹಚ್ಚಿದೆ. ಹಾಲು ಕಾಯುವವರೆಗೆ ಮಾತಾಡೋಣವೆಂದು, "ಹಂಗಾದ್ರ ನಿಮ್ಮ ಪಗಾರ ಯಾರ ಕೊಡ್ತಾರ್ರೀ?" ಎಂದು ಕೇಳಿದೆ. "ಕಂಪನಿರೀ," ಎಂದ. "ಕಂಪನಿಗೆ?" ಎಂದೆ. ಅಷ್ಟರಲ್ಲಿ ಹಾಲು ಅಂಚಿಗೆ ಬಂತು. ನಾನು ಒಲೆ ಆರಿಸಿ, ಪಾತ್ರೆಗೆ ಚಹಾಪುಡಿ ಹಾಕಿ, ಸೋಸಿ ಅವನಿಗೂ ಒಂದು ಕಪ್ಪು ಕೊಟ್ಟೆ. ಪಾಪ, ಕುಡಿದ. ಶಲ್ಯವನ್ನು ಮಡಿಸಿ ಅವನ ಚೀಲಕ್ಕೇ ತುರುಕಿ ಕಳಿಸಿದೆ.

ಸುವರ್ಣಾ ಅವರೇ, ಆ ಖರ್ಚು ಎಲ್ಲಿಗೂ ಹೋಗಿರುವುದಿಲ್ಲ. ಅಸಲಿನೊಳಗೆ ಸೇರಿ ತೆಪ್ಪಗೆ ಕೂತಿರುತ್ತದೆ, ಇಲ್ಲವೇ ಬಡ್ಡಿದರಕ್ಕೆ ಒಂದು ಚೂರು ಅಂಟಿಕೊಂಡು ಕಡೆಯ ಕಂತಿನವರೆಗೂ ನಿಮ್ಮ ಜೊತೆ ನಡೆಯುತ್ತದೆ. ಆರೇಳು ವರ್ಷಕ್ಕೆ ತೀರಬೇಕಾದ ಸಾಲವನ್ನು ಮತ್ತೆ ಇಪ್ಪತ್ತು ವರ್ಷಕ್ಕೆ ಎಳೆದರೆ ಕಂತು ಇಳಿಯದೆ ಇನ್ನೇನಾಗುತ್ತದೆ? ಎಲ್ಲರೂ ಮೋಸಗಾರರು ಎಂದು ನಾನು ಹೇಳುವುದಿಲ್ಲ. ದರ ನಿಜವಾಗಿ ಇಳಿದು ವರ್ಷಗಳು ಹೆಚ್ಚದಿದ್ದರೆ ಬದಲಿಸುವುದರಲ್ಲಿ ಲಾಭವಿದೆ. ಎರಡು ವರ್ಷದಲ್ಲಿ ಮನೆ ಮಾರುವವರಿಗೂ ಇದು ಒಗ್ಗಬಹುದು. ನೀವು ಮಾರುವವರಲ್ಲ, ನಿಮ್ಮ ಮನೆಯಲ್ಲಿ ನಾನೇ ಕೂತಿದ್ದೇನಲ್ಲ! ಆದ್ದರಿಂದ ಸೋಮವಾರ ಅವನು ಕಂತಿನ ಮಾತು ತೆಗೆದರೆ ಅಲ್ಲೇ ತಡೆಯಿರಿ. ಕಡೆಯವರೆಗೆ ಒಟ್ಟು ಎಷ್ಟು ಕಟ್ಟಬೇಕು, ಈಗಿನ ಸಾಲ ಹೀಗೇ ಮುಂದುವರಿದರೆ ಎಷ್ಟು ಎಂದು ಕೇಳಿ. ನಿಮ್ಮ ಮನೆಯಲ್ಲೂ ಅವನು ಚಹಾ ಕುಡಿದಿದ್ದಾನೆ, ಒಳ್ಳೆಯ ಹುಡುಗ ಎಂದು ದಾಕ್ಷಿಣ್ಯಕ್ಕೆ ಬೀಳಬೇಡಿ. ನಮ್ಮ ಮನೆತನ ಹಾಳಾದದ್ದೇ ದಾಕ್ಷಿಣ್ಯದಿಂದ.

ಕೆಳಗಿನ ಮಹಡಿಯವರು ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಉಕ್ಕುವ ಹಾಲಿಗೆ ಒಲೆ ಆರಿಸಿದವಳು ಅಪಶಕುನವಂತೆ. ಆಗಲಿ. ಹಳೆಯ ಕಂತು ದೊಡ್ಡದು, ಒಂದು ತಪ್ಪಿದರೂ ಮನೆ ಹೋಗುತ್ತದೆ. ಹಗಲಿನ ಕೆಲಸ ಸಾಲದು, ಸಂಜೆ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಒಪ್ಪಿಕೊಂಡಿದ್ದೇನೆ. ಭಯವಿಲ್ಲವೇ ಎಂದರೆ ಇದೆ, ತುಂಬಾ ಇದೆ. ಆದರೂ ಕುಬಸದ ಮತ್ತೆ ಬಂದರೆ ಇದೇ ಉತ್ತರ.

ಈ ಕಾಗದ ತಲುಪುವ ಮೊದಲೇ ನೀವು ಸಹಿ ಹಾಕಿಬಿಟ್ಟಿದ್ದರೆ ಕೊರಗಬೇಡಿ. ನಿಮ್ಮಿಂದ ಶುರುವಾದದ್ದನ್ನು ನಾನು ಮುಗಿಸುತ್ತೇನೆ. ನಾಲ್ಕು ವರ್ಷದ ಮೇಲೆ ಯಾವನಾದರೂ ನಗುತ್ತಾ ಬಂದು ಈ ಬಾಗಿಲು ಬಡಿದರೆ, ಒಳಗಿರುವುದು ಹಂಪವ್ವ, ಮನೆ ಅವಳದು. ಇಷ್ಟವಿಲ್ಲದಿದ್ದರೆ ಅವಳು ಬಾಗಿಲು ತೆಗೆಯಬೇಕಾಗಿಲ್ಲ.

ನಿಮ್ಮವಳೇ ಆದ,
ನೀಲವ್ವ