ಪುಟ್ಟಿಯ ಹಾಸ್ಟೆಲಿಗೆ ಕಾಗದ

ಜುಲೈ 6, ಭಾನುವಾರ

ವಾಷಿಂಗ್ ಮಷಿನ್ ಹಾಕಿದೆ. ಎರಡು ಶರ್ಟ್, ಒಂದು ಟವೆಲ್. ಇಷ್ಟಕ್ಕೆ ಅಷ್ಟು ನೀರು ದಂಡ.

ಪುಟ್ಟಿಯ ಫೋನ್ ಬಂತು. ತಿಂಗಳ ಮೊದಲ ಭಾನುವಾರ ಮಾತ್ರ ಕೊಡುತ್ತಾರೆ, ವಾರ್ಡನ್ ಎದುರಲ್ಲೇ.

"ಊಟ ಆಯ್ತಾ?"

"ಹೂಂ."

"ದಸರೆ ರಜಕ್ಕೆ ಪುಣೆಗೆ ಬರ್ತೀಯಲ್ಲ?"

ವಾರ್ಡನ್ ಫೋನ್ ವಾಪಸ್ ತೆಗೆದುಕೊಂಡರು. ಟೈಮ್ ಮುಗಿಯಿತು.

ಕಳೆದ ವರ್ಷ ನನ್ನ ಹೆಂಡತಿ ರಂಜಿನಿ ತೀರಿಕೊಂಡ ಮೇಲೆ, ನನ್ನ ಶಿಫ್ಟ್‌ಗಳ ಮಧ್ಯೆ ಮಗು ನೋಡಿಕೊಳ್ಳುವವರಿಲ್ಲ ಎಂದು ಮೈಸೂರಿನ ಹತ್ತಿರ ಹಾಸ್ಟೆಲ್ ಶಾಲೆಗೆ ಸೇರಿಸಿದೆ. ಬೇಸಿಗೆ ರಜೆಯಲ್ಲೂ ಇಲ್ಲಿಗೆ ಬರಲಿಲ್ಲ. ಕೊಳ್ಳೇಗಾಲದಲ್ಲಿ ನನ್ನಕ್ಕ ತಾಯಮ್ಮನ ಮನೆಗೆ ಹೋದಳು. ಈ ಸಲವಾದರೂ ಬರಬೇಕು.

ಜುಲೈ 9

ಕಾಗದ ಬರೆಯಲು ಅಡ್ಡಿಯಿಲ್ಲವಂತೆ. ಆಫೀಸಿನಲ್ಲೇ ಟೈಪ್ ಮಾಡಿ ಪ್ರಿಂಟ್ ತೆಗೆದೆ. ಮೇಲೆ 'ವಿಷಯ: ದಸರಾ ರಜೆಯ ಪ್ರಯಾಣ'. ಕೆಳಗೆ ನಂಬರ್ ಹಾಕಿ ಪಾಯಿಂಟ್‌ಗಳು. ನೀಟಾಗಿ ಬಂತು. ಕಂಪನಿ ಕವರಿನಲ್ಲಿ ಹಾಕಿ ಪೋಸ್ಟ್ ಮಾಡಿದೆ.

ಆಗಸ್ಟ್ 3, ಭಾನುವಾರ

"ನನ್ನ ಕಾಗದ ಬಂತಾ?"

"ಯಾವ ಕಾಗದ?"

ವಾರ್ಡನ್ ಫೋನ್ ತೆಗೆದುಕೊಂಡರು. ಹುಡುಕಿಸಿದರು. ನಗು ತಡೆದುಕೊಂಡೇ ಹೇಳಿದರು.

"ಸರ್, ಪೋಷಕರ ರಜೆ ಅರ್ಜಿ ಅಂದ್ಕೊಂಡು ಆಫೀಸಲ್ಲಿ ಫೈಲ್ ಮಾಡ್ಬಿಟ್ಟಿದ್ದಾರೆ. ಸೀಲೂ ಹಾಕಿದ್ದಾರೆ. ಮಕ್ಕಳಿಗೆ ಬರೋ ಕಾಗದ ಕೈಯಲ್ಲಿ ಬರೆದಿರುತ್ತೆ, ಅಲ್ವಾ?"

ಅವರ ತಪ್ಪಿಲ್ಲ. ಓದಿದರೆ ನನಗೂ ಅರ್ಜಿಯೆಂದೇ ಅನಿಸುತ್ತಿತ್ತು.

ಆಗಸ್ಟ್ 5

ವಾಕಡ ಪೋಸ್ಟಾಫೀಸಿನಿಂದ ಇನ್‌ಲ್ಯಾಂಡ್ ಲೆಟರ್ ತಂದೆ. ಕ್ಯಾಂಟೀನಿನಲ್ಲಿ ಬರೆಯಲು ಕೂತೆ. 'ಪ್ರೀತಿಯ ಪುಟ್ಟಿಗೆ' ಎಂಬಷ್ಟಕ್ಕೇ ಬೆರಳು ಹಿಡಿದುಕೊಂಡಿತು. ಅಕ್ಷರ ಬೇರೆ ಯಾರದೋ ಥರ. ಬೀದರಿನ ಮನೋಹರ, ನಮ್ಮ ಟೀಮಿನವರು, ತಟ್ಟೆ ಹಿಡಿದು ಎದುರಿಗೆ ಬಂದರು.

"ಏನ್ರೀ ಮಿಥುನ, ಪೆನ್ ಹಿಡದೀರಿ! ರಾಜೀನಾಮೆ ಏನ್ರೀ?"

"ಮಗಳಿಗೆ ಕಾಗದ."

"ಆಕಿ ಕಡೆ ಫೋನ್ ಇಲ್ಲೇನ್ರಿ?"

"ಹಾಸ್ಟೆಲಲ್ಲಿ ಬಿಡಲ್ಲ."

"ಭಾಳ ಚಲೋ ಆತು ಬಿಡ್ರಿ. ಬ್ಲೂ ಟಿಕ್ ನೋಡ್ಕೋತ ಕೂಡೋದು ತಪ್ಪತು."

ಕೆಳಗಿನ ಮನೆಯ ರಂಗೂಬಾಯಿ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಪುಟ್ಟೀ ಕಧೀ ಯೇಣಾರ್?" ಎಂದು, ನೀನು ಯಾವಾಗ ಬರುತ್ತೀಯೆಂದು ಕೇಳುವುದನ್ನು ಬರೆದೆ. ಲಿಫ್ಟ್ ಕೆಟ್ಟಿದ್ದು ಬರೆದೆ. ನನಗೇ ಗೊತ್ತಿಲ್ಲದೆ 'ಇಲ್ಲಿ ತುಂಬಾ ಬೇಜಾರು' ಎಂದೂ ಬರೆದಿದ್ದೆ. ಹೊಡೆದು ಹಾಕಿದೆ. ಹೊಡೆದರೂ ಓದಲು ಬರುತ್ತದೆ... ಇನ್ನೊಂದು ಇನ್‌ಲ್ಯಾಂಡ್ ಇರಲಿಲ್ಲ. ಹಾಗೇ ಡಬ್ಬಿಗೆ ಹಾಕಿದೆ.

ಆಗಸ್ಟ್ 19

ಉತ್ತರ ಬಂತು. ಪೆನ್ಸಿಲಿನಲ್ಲಿ. ಮುಕ್ಕಾಲು ಪುಟ ಸಾಂಬಾರಿನ ಮೇಲೆ ದೂರು. ಪಕ್ಕದ ಬೆಡ್ಡಿನ ಹುಡುಗಿ ನಿದ್ದೆಯಲ್ಲಿ ಮಗ್ಗಿ ಹೇಳುತ್ತಾಳಂತೆ. ಕೊನೆಯಲ್ಲಿ —

'ನೀನು ಹೊಡೆದು ಹಾಕಿದ್ದನ್ನು ಬಲ್ಬಿಗೆ ಹಿಡಿದು ಓದಿದೆ. ನಂಗೂ.'

ಬಾಗಿಲ ಹತ್ತಿರ ನಿಂತೇ ಓದಿದೆ. ಆಮೇಲೆ ಶೂ ಬಿಚ್ಚಿದೆ.

ಸೆಪ್ಟೆಂಬರ್ 7, ಭಾನುವಾರ

ಈ ನಡುವೆ ನನ್ನಿಂದ ನಾಲ್ಕು ಕಾಗದ, ಅವಳಿಂದ ಎರಡು. ಇವತ್ತು ಫೋನಿನಲ್ಲಿ ಮತ್ತೆ ಅದೇ "ಹೂಂ". ಕಾಗದದ ಹುಡುಗಿ ಬೇರೆ, ಇವಳು ಬೇರೆ.

"ರಜದ ವಿಷಯ?"

"ಬರೆದಿದ್ದೀನಿ. ಬರುತ್ತೆ."

ಸಂಜೆ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೋಗಿ ಮೈಸೂರಿನ ಬಸ್ಸು ವಿಚಾರಿಸಿದೆ. ಹೋಗಿ ಕರೆದುಕೊಂಡು ಬರುವುದು. ಬರುವಾಗ ಹೊಸ ಬೆಡ್‌ಶೀಟ್ ಕೊಂಡೆ. ಹಳದಿ.

ಸೆಪ್ಟೆಂಬರ್ 11

ಬಂತು. ಇದ್ದ ಹಾಗೇ ಇಳಿಸುತ್ತೇನೆ.

'ಅಪ್ಪ, ನಾನು ದಸರೆಗೆ ತಾಯಮ್ಮತ್ತೆ ಮನೆಗೆ ಹೋಗ್ತೀನಿ. ಕೋಪ ಮಾಡ್ಕೋಬೇಡ. ಪುಣೆ ಮನೇಲಿ ನೀನು ಮಾತಾಡಲ್ಲ. ಟಿವಿ ಹಾಕ್ತೀಯ. ಅಮ್ಮನ ವಿಷಯ ಫೋನಲ್ಲಿ ಕೇಳಿದ್ರೆ ನೆಟ್‌ವರ್ಕ್ ಇಲ್ಲ ಅಂತೀಯ. ಕಾಗದದಲ್ಲಿ ನೀನು ಚೆನ್ನಾಗಿರ್ತೀಯ. ರಜದಲ್ಲಿ ಅತ್ತೆ ಅಡ್ರೆಸ್‌ಗೆ ಬರಿ. ಅಮ್ಮಂದು ಬರಿ.'

ನೆಟ್‌ವರ್ಕಿನ ನೆಪ ಹೇಳುವುದು ನಿಜ.

ಸೆಪ್ಟೆಂಬರ್ 12

ಏನೂ ಬರೆಯಲಾಗಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ನಿನ್ನೆ ಸಂಜೆ ಕೊಳ್ಳೇಗಾಲ ತಲುಪಿದ್ದಾಳೆ. ಅಕ್ಕನ ಫೋನ್ ಬಂತು. "ಕೊಡ್ಲೇನೋ ಅವಳಿಗೆ? ಇಲ್ಲೇ ಕೂತವ್ಳೆ."

"ಬೇಡಕ್ಕ. ಬರೀತೀನಿ ಅಂತ ಹೇಳು."

"ಎಂಥಾ ಅಪ್ಪನೋ ನೀನು! ಮಗಳು ಪಕ್ಕದಲ್ಲೇ ಕೂತವ್ಳೆ, ಇವನು ಟಪಾಲಲ್ಲಿ ಮಾತಾಡ್ತಾನಂತೆ."

ಹಿಂದೆ ಪುಟ್ಟಿ ನಕ್ಕಿದ್ದು ಕೇಳಿಸಿತು. ಜೋರಾಗಿ.

ಮಧ್ಯಾಹ್ನದಿಂದ ಕೂತಿದ್ದೇನೆ. ಎರಡು ಇನ್‌ಲ್ಯಾಂಡ್ ಹಾಳಾಯಿತು. ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಅದಕ್ಕೆ ಇಳಿಸಬಹುದು.

ಪುಟ್ಟಿ, ನಿಮ್ಮಮ್ಮನಿಗೆ ಈ ಊರು ಮೊದಲು ಹಿಡಿಸಲೇ ಇಲ್ಲ. ಬಂದ ವಾರದಲ್ಲೇ ಒಂದು ದಿನ ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೊರಗೆ ನಿಂತಿದ್ದೆ. ಆಮೇಲೆ ಅವಳೇ ಬಾಗಿಲು ತೆಗೆದು, 'ಹೊರಗೇ ನಿಂತಿದ್ದೀರಾ? ಒಳಗೆ ಬಂದು ಏನಾದ್ರೂ ಮಾತಾಡಿ' ಅಂದಳು.